ಯಕೃತ್ತಿನ ಅಳತೆಗೋಲು ಕಣಕಾಲಿಗೆ

ಕಾಲು ಉಳುಕಿತು ಎನ್ನುವಾಗ ಬಹುಮಟ್ಟಿಗೆ ಆಗಿರುವುದು ಇಷ್ಟು: ಪಾದ ಒಳಮಗ್ಗುಲಿಗೆ ಹೊರಳಿದೆ, ಮೈಭಾರವೆಲ್ಲ ಹೊರಗಂಟಿನ ಕಡೆಗೆ ಬಿದ್ದಿದೆ, ಆ ಗಂಟಿನ ಮುಂಭಾಗದಿಂದ ಪಾದದ ಮೂಳೆಗೆ ಓರೆಯಾಗಿ ಕಟ್ಟಿಕೊಂಡಿರುವ ಒಂದು ಪುಟ್ಟ ಪಟ್ಟಿ ಹಿಗ್ಗಿದೆ ಅಥವಾ ಹರಿದಿದೆ. ಉದ್ದ ಎರಡು ಸೆಂಟಿಮೀಟರಿನ ಆಸುಪಾಸು, ದಪ್ಪ ಸುಮಾರು ಎರಡು ಮಿಲಿಮೀಟರ್. ವೈದ್ಯರು ಇದನ್ನು ಎಟಿಎಫ್‌ಎಲ್ ಎಂದು ಚುಟುಕಾಗಿ ಕರೆಯುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅಸ್ಥಿರಜ್ಜು, ಆಟದ ಮೈದಾನದಲ್ಲಿ ಲಿಗಮೆಂಟು. ಈಚಿನ ವರ್ಷಗಳಲ್ಲಿ ಈ ಪಟ್ಟಿಯ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಅದು ಎಷ್ಟು ಗಡಸು, ಎಷ್ಟು ಮೆದು ಎಂದು ಅಳೆಯುವ ಕೆಲಸ ಶುರುವಾಗಿದೆ. ಪರದೆಯ ಮೇಲೆ ನೀಲಿಯಿಂದ ಕೆಂಪಿನವರೆಗೆ ಬಣ್ಣ ಹರಡುತ್ತದೆ, ಪಕ್ಕದಲ್ಲಿ ಕಿಲೋಪ್ಯಾಸ್ಕಲ್‌ಗಳಲ್ಲಿ ಒಂದು ಸಂಖ್ಯೆ ಮೂಡುತ್ತದೆ. ಸಂಖ್ಯೆ ಎಂದ ಮೇಲೆ ಅದಕ್ಕೊಂದು ಗತ್ತು ಇರುತ್ತದೆ, ನೋಡಿದವರು ನಂಬುತ್ತಾರೆ. ಆದರೆ ಈ ಅಳತೆಯ ಚರಿತ್ರೆಯನ್ನು ಹಿಡಿದು ಹಿಂದಕ್ಕೆ ಹೋದರೆ ತಿಳಿಯುವುದು ಬೇರೆ. ಈ ಅಳತೆಗೋಲು ಹುಟ್ಟಿದ್ದು ಯಕೃತ್ತಿಗಾಗಿ, ಸ್ತನದ ಗಂಟಿಗಾಗಿ. ಕಣಕಾಲಿಗೆ ಬರುವಾಗ ಅದು ತನ್ನ ಹಳೆಯ ಊಹೆಗಳನ್ನೆಲ್ಲ ಜೊತೆಗೇ ಹೊತ್ತು ತಂದಿದೆ. ಹಾಗಾಗಿ ಪರದೆಯ ಸಂಖ್ಯೆ ತಾನು ಹೇಳಿಕೊಳ್ಳುವಂತೆ ಲಿಗಮೆಂಟಿನ ಗಡಸುತನವನ್ನು ಹೇಳುತ್ತಿಲ್ಲ. ಅದು ಬೇರೇನನ್ನೋ ಹೇಳುತ್ತಿದೆ, ಮತ್ತು ಆ ಬೇರೇನೋ ನಮಗೆ ಹೆಚ್ಚು ಬೇಕಾದದ್ದು ಎಂಬುದೇ ನನ್ನ ವಾದ.

ಯಂತ್ರಕ್ಕೆ ಮೊದಲು ಬೆರಳಿತ್ತು. ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ 1862ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಕೊಂಡ ಪಪೈರಸ್ ಸುರುಳಿಯಲ್ಲಿ 48 ರೋಗಿಗಳ ವಿವರ ಇದೆ. ಜೇಮ್ಸ್ ಬ್ರೆಸ್ಟೆಡ್ ಅದನ್ನು 1930ರಲ್ಲಿ ಅನುವಾದಿಸಿ ಪ್ರಕಟಿಸಿದಾಗ ವೈದ್ಯಲೋಕ ಬೆರಗಾದದ್ದು ಅದರ ಶಿಸ್ತಿಗೆ: ಮುಟ್ಟಿ ನೋಡು, ಅಲುಗಿಸಲು ಹೇಳು, ಆಮೇಲೆ ತೀರ್ಮಾನ ಕೊಡು. ಉಳುಕಿನ ಪ್ರಕರಣಗಳೂ ಅಲ್ಲಿವೆ, ಕುತ್ತಿಗೆಯದು, ಬೆನ್ನಿನದು. ಕೂಡಿಕೊಂಡ ಎರಡು ಭಾಗಗಳು ಬೇರ್ಪಟ್ಟೂ ತಮ್ಮ ಜಾಗದಲ್ಲೇ ಉಳಿದಿರುವ ಸ್ಥಿತಿ ಎಂದು ಅದನ್ನು ವಿವರಿಸಿದ ಬರಹಗಾರನಿಗೆ ಮೂಳೆ ಸರಿದದ್ದಕ್ಕೂ ಕಟ್ಟು ಸಡಿಲಾದದ್ದಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಸುಶ್ರುತ ಸಂಹಿತೆ 210 ಸಂಧಿಗಳನ್ನೂ 900 ಸ್ನಾಯುಗಳನ್ನೂ, ಅಂದರೆ ಕಟ್ಟುವ ನಾರುಗಳನ್ನೂ, ಎಣಿಸಿ, ಕೀಲು ತಪ್ಪುವುದನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಎಣಿಕೆ ಇದೆ, ವಿಂಗಡಣೆ ಇದೆ. ಎಷ್ಟು ಸಡಿಲ ಎಂಬ ಪ್ರಶ್ನೆಗೆ ಉತ್ತರ ಮಾತ್ರ ವೈದ್ಯನ ಕೈಗೆ ಬಿಟ್ಟದ್ದು. ಊರೂರಲ್ಲಿ ಉಳುಕು ತೆಗೆಯುವವರು, ಮೂಳೆ ಕಟ್ಟುವವರು, ಗಡಿಯಾಚೆ ಆಂಧ್ರದ ಪುತ್ತೂರಿನ ಕಟ್ಟು ಹಾಕುವವರು ಇವತ್ತಿಗೂ ನಂಬುವುದು ಅದೇ ಕೈಯನ್ನು. ಕೈಯ ಅಳತೆಗೆ ಒಂದೇ ದೋಷ. ಅದು ಕೈಯ ಒಡೆಯನೊಂದಿಗೇ ಮುಗಿದುಹೋಗುತ್ತದೆ, ಇನ್ನೊಬ್ಬರಿಗೆ ಬರೆದು ಕಳಿಸಲು ಬಾರದು.

ಬರೆದು ಕಳಿಸಬಲ್ಲ ಅಳತೆ ಬೇಕು ಎಂಬ ಹಂಬಲ ಹದಿನೆಂಟನೆಯ ಶತಮಾನದ್ದು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯೋಸಿಯಾಸ್ ವೈಟ್‌ಬ್ರೆಕ್ಟ್ 1742ರಲ್ಲಿ ಮನುಷ್ಯನ ಲಿಗಮೆಂಟುಗಳಿಗೇ ಮೀಸಲಾದ ದೊಡ್ಡ ಗ್ರಂಥವೊಂದನ್ನು ಹೊರತಂದ. ಅಲ್ಲಿಯವರೆಗೆ ಅಂಗರಚನೆಯ ಪುಸ್ತಕಗಳಲ್ಲಿ ಮೂಳೆಗಳ ಬೆನ್ನಿಗೆ ಅಂಟಿಕೊಂಡ ಉಪಕಥೆಯಂತಿದ್ದ ಈ ಪಟ್ಟಿಗಳು ತಮ್ಮದೇ ಒಂದು ಪುಸ್ತಕ ಪಡೆದವು. ಆದರೆ ಅದೂ ನಕಾಶೆಯೇ, ಅಳತೆಯಲ್ಲ. ಅಳತೆಯ ಭಾಷೆ ಬಂದದ್ದು ಇಂಗ್ಲೆಂಡಿನ ಥಾಮಸ್ ಯಂಗ್‌ನಿಂದ. 1807ರಲ್ಲಿ ಅಚ್ಚಾದ ಅವನ ಉಪನ್ಯಾಸಗಳಲ್ಲಿ, ವಸ್ತು ಎಷ್ಟು ಹಿಗ್ಗುತ್ತದೆ ಎಂಬುದಕ್ಕೂ ಅದನ್ನು ಎಷ್ಟು ಬಲದಿಂದ ಎಳೆದೆವು ಎಂಬುದಕ್ಕೂ ಇರುವ ನಂಟನ್ನು ಒಂದೇ ಗುಣಾಂಕದಲ್ಲಿ ಹಿಡಿಯುವ ವಿಚಾರ ಇದೆ. ಇವತ್ತು ಅಲ್ಟ್ರಾಸೌಂಡ್ ಪರದೆಯ ಮೇಲೆ ಕಾಣುವ ಕಿಲೋಪ್ಯಾಸ್ಕಲ್ ಸಂಖ್ಯೆ ಅವನ ಹೆಸರಿನ ಗುಣಾಂಕವೇ. ಯಂಗ್ ವೃತ್ತಿಯಿಂದ ವೈದ್ಯ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಬಿಡುವಿನಲ್ಲಿ ರೊಸೆಟ್ಟಾ ಶಿಲೆಯ ಈಜಿಪ್ಟ್ ಲಿಪಿಯನ್ನೂ ಬಿಡಿಸಲು ಕೂತವನು. ಇಷ್ಟಾದರೂ ತನ್ನ ಗುಣಾಂಕವನ್ನು ರೋಗಿಯ ಮೈಗೆ ತಾಗಿಸುವ ಗೋಜಿಗೆ ಅವನು ಹೋದಂತೆ ಕಾಣುವುದಿಲ್ಲ.

ತಾಗಿಸಿದವನು ಗಿಯೋಮ್ ವೆರ್ಟೈಮ್. 1847ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ಅವನ ಪ್ರಬಂಧ ಶವಗಳಿಂದ ತೆಗೆದ ಮೂಳೆ, ಸ್ನಾಯುರಜ್ಜು, ಮಾಂಸಖಂಡ, ನರ, ರಕ್ತನಾಳಗಳನ್ನು ಒಂದೊಂದಾಗಿ ತೂಕ ಕಟ್ಟಿ ಎಳೆದ ದಾಖಲೆ. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ತಿರುವು ಅಲ್ಲೇ ಇದೆ, ಅಲ್ಟ್ರಾಸೌಂಡ್ ಹುಟ್ಟುವ ನೂರು ವರ್ಷ ಮೊದಲು. ಮೂಳೆ ಲೋಹದಂತೆ ನಡೆದುಕೊಂಡಿತು: ಎರಡರಷ್ಟು ತೂಕಕ್ಕೆ ಎರಡರಷ್ಟು ಹಿಗ್ಗು. ಮೆದು ಅಂಗಾಂಶಗಳು ಹಾಗೆ ಮಾಡಲಿಲ್ಲ. ಮೊದಮೊದಲು ಸಲೀಸಾಗಿ ಹಿಗ್ಗಿದವು, ಎಳೆದಷ್ಟೂ ಮೊಂಡು ಹಿಡಿದವು. ತೂಕಕ್ಕೂ ಹಿಗ್ಗಿಗೂ ಗೆರೆ ಎಳೆದರೆ ಅದು ನೇರವಾಗಿ ಬರದೆ ಬಾಗಿತು. ಅಂದರೆ ಇಂಥ ಪಟ್ಟಿಗೆ ಒಂದೇ ಗಡಸುತನ ಎಂಬುದಿಲ್ಲ; ಎಷ್ಟು ಬಿಗಿಯಾಗಿರುವಾಗ ಕೇಳುತ್ತೀರಿ ಎಂಬುದರ ಮೇಲೆ ಉತ್ತರ. ಲಿಗಮೆಂಟಿನ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇದಕ್ಕೆ ಕಾರಣವೂ ಸಿಕ್ಕಿತು. ಕೊಲಾಜನ್ ಎಳೆಗಳು ಅಲ್ಲಿ ಅಲೆಅಲೆಯಾಗಿ ಮಡಿಚಿ ಕೂತಿರುತ್ತವೆ. ಮೊದಲ ಎಳೆತಕ್ಕೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಬಲ ಹೆಚ್ಚು ಬೇಡ; ಮಡಿಕೆ ತೀರಿದ ಮೇಲೆ ಎಳೆಗಳೇ ಹಿಗ್ಗಬೇಕು, ಆಗ ಬಲ ಏರುತ್ತದೆ.

ಕಣಕಾಲಿನ ಪಟ್ಟಿಗಳ ಸರದಿ ಬಂದದ್ದು ಬಹಳ ತಡವಾಗಿ. 1985ರಲ್ಲಿ ಅಟೇರಿಯನ್ ಮತ್ತು ಸಂಗಡಿಗರು, 1988ರಲ್ಲಿ ಸೀಗ್ಲರ್ ಮತ್ತು ಸಂಗಡಿಗರು ಶವದ ಕಾಲುಗಳಿಂದ ಲಿಗಮೆಂಟುಗಳನ್ನು ಮೂಳೆಯ ತುಣುಕಿನ ಸಮೇತ ಬಿಡಿಸಿ, ಯಂತ್ರಕ್ಕೆ ಕಚ್ಚಿಸಿ, ಹರಿಯುವ ತನಕ ಎಳೆದರು. ಹೊರಮಗ್ಗುಲಿನ ಮೂರು ಪಟ್ಟಿಗಳಲ್ಲಿ ಎಟಿಎಫ್‌ಎಲ್ ಅತ್ಯಂತ ಬಡಪಾಯಿ ಎಂಬುದರಲ್ಲಿ ಇಬ್ಬರೂ ಒಪ್ಪಿದರು. ಆದರೆ ಅದು ಹರಿಯುವ ಬಲ ಮೊದಲನೆಯವರಿಗೆ ಸುಮಾರು 140 ನ್ಯೂಟನ್, ಎರಡನೆಯವರಿಗೆ ಸುಮಾರು 230 ನ್ಯೂಟನ್. ಒಂದು ಹದಿನಾಲ್ಕು ಕಿಲೋ ತೂಕದ ಎಳೆತ, ಇನ್ನೊಂದು ಇಪ್ಪತ್ತಮೂರು ಕಿಲೋ ದಾಟಿದ್ದು. ಇಷ್ಟೊಂದು ಅಂತರ ಯಾಕೆ? ಶವದ ವಯಸ್ಸು, ಎಳೆಯುವ ವೇಗ, ಯಾವ ಕೋನದಲ್ಲಿ ಕಚ್ಚಿಸಿದರು ಎಂಬುದು ಎಲ್ಲವೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತವೆ. ಪಟ್ಟಿಯನ್ನು ಹೊರತೆಗೆದು, ಎರಡೂ ತುದಿ ಹಿಡಿದು, ಎಳೆದ ಬಲ ಎಷ್ಟೆಂದು ಖಚಿತವಾಗಿ ಗೊತ್ತಿದ್ದಾಗಲೂ ಇಷ್ಟು ಏರುಪೇರು. ಚರ್ಮದ ಮೇಲಿನಿಂದ, ಬಲ ಎಷ್ಟೆಂದು ತಿಳಿಯದೆ ಅಳೆಯುವಾಗ ಗತಿ ಏನು ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೊರಡಬೇಕು.

ಅತ್ತ ಆಸ್ಪತ್ರೆಗಳಲ್ಲಿ ಬೇರೆಯದೇ ಧಾರೆ ಹರಿಯುತ್ತಿತ್ತು. 1960ರ ದಶಕದಲ್ಲಿ ಸ್ವೀಡನ್ನಿನ ಲೆನಾರ್ಟ್ ಬ್ರೋಸ್ಟ್ರೋಮ್ ಉಳುಕಿದ ಕಣಕಾಲುಗಳ ಬಗ್ಗೆ ಸಾಲಾಗಿ ಲೇಖನಗಳನ್ನು ಬರೆದ. ಕೀಲಿನೊಳಗೆ ಎಕ್ಸ್‌ರೇಗೆ ಕಾಣುವ ದ್ರವ ತುಂಬಿ ಚಿತ್ರ ತೆಗೆದು, ಎಷ್ಟೋ ಕಾಲುಗಳನ್ನು ತೆರೆದೇ ನೋಡಿ, ಹರಿಯುವುದು ಹೆಚ್ಚಾಗಿ ಎಟಿಎಫ್‌ಎಲ್ ಒಂದೇ ಎಂದು ತೋರಿಸಿದ. ಹರಿದ ಪಟ್ಟಿಯನ್ನು ಹೊಲಿಯುವ ಅವನ ಶಸ್ತ್ರಕ್ರಿಯೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇವತ್ತಿಗೂ ನಡೆಯುತ್ತಿದೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮುಂದಕ್ಕೆ ಎಳೆದು, ಎಷ್ಟು ಜಾರುತ್ತದೆ ಎಂದು ನೋಡುವ ಪರೀಕ್ಷೆ ವೈದ್ಯರ ನಿತ್ಯದ ರೂಢಿಯಾಯಿತು. ಆ ಜಾರುವಿಕೆಯನ್ನು ಎಕ್ಸ್‌ರೇಯಲ್ಲಿ ಮಿಲಿಮೀಟರುಗಳಲ್ಲಿ ಅಳೆಯುವ ಚೌಕಟ್ಟುಗಳೂ ಬಂದವು. ಗಮನಿಸಿ, ಇದು ಕೀಲಿನ ಸಡಿಲ, ಪಟ್ಟಿಯ ಗಡಸುತನವಲ್ಲ. ಸಡಿಲ ಕೀಲಿನಲ್ಲಿ ಗಟ್ಟಿ ಪಟ್ಟಿ ಉದ್ದವಾಗಿ ಜೋತುಕೊಂಡಿರಬಹುದು. ಇದರ ನಡುವೆ 1965ರಲ್ಲಿ ಲಂಡನ್ನಿನ ಎಂ.ಎ.ಆರ್. ಫ್ರೀಮನ್ ಎಲ್ಲರ ಲೆಕ್ಕವನ್ನೂ ಕೆಡಿಸುವ ಮಾತೊಂದನ್ನು ಮುಂದಿಟ್ಟ. ಕಾಲು ಮತ್ತೆ ಮತ್ತೆ ತಪ್ಪುತ್ತದೆ ಎಂದು ದೂರುವ ಅನೇಕರಲ್ಲಿ ಕೀಲು ಸಡಿಲವೇ ಇಲ್ಲ. ಪಟ್ಟಿಯೊಳಗಿನ ನರಗಳ ತುದಿಗಳು ಹಾಳಾಗಿ, ಪಾದ ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಹೋಗುತ್ತಿಲ್ಲ. ಅಲುಗುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ಶಬ್ದದ ಕಥೆ ಕೀಲಿಗೆ ಬಂದ ದಾರಿ ಸುತ್ತುಬಳಸಿನದು. ಆಸ್ಟ್ರಿಯಾದ ಕಾರ್ಲ್ ಡುಸಿಕ್ 1942ರಲ್ಲಿ ತಲೆಯ ಮೂಲಕ ಶಬ್ದದ ಅಲೆ ಹಾಯಿಸಿ ಮಿದುಳಿನ ಚಿತ್ರ ತೆಗೆದೆನೆಂದು ಪ್ರಕಟಿಸಿದ. ಹತ್ತು ವರ್ಷದ ಮೇಲೆ ಅವು ಬಹುಪಾಲು ತಲೆಬುರುಡೆಯದೇ ಆಟ, ಮಿದುಳಿನದಲ್ಲ ಎಂದು ಗೊತ್ತಾಯಿತು. ವಿಜ್ಞಾನದಲ್ಲಿ ಇಂಥ ಮುಖಭಂಗದ ನಂತರ ಅನೇಕರು ಕಣ್ಮರೆಯಾಗುತ್ತಾರೆ. ಡುಸಿಕ್ ಹಾಗೆ ಮಾಡಲಿಲ್ಲ. 1958ರಲ್ಲಿ ಚರ್ಮ, ಕೊಬ್ಬು, ಮಾಂಸಖಂಡ, ಸ್ನಾಯುರಜ್ಜು, ಕೀಲಿನ ಚೀಲ, ಮೃದ್ವಸ್ಥಿ ಇವು ಶಬ್ದವನ್ನು ಎಷ್ಟೆಷ್ಟು ಹೀರಿಕೊಳ್ಳುತ್ತವೆ ಎಂದು ಅಳೆದು ಪ್ರಕಟಿಸಿದ. ಕೀಲುಗಳ ಅಲ್ಟ್ರಾಸೌಂಡ್ ಚರಿತ್ರೆ ಆರಂಭವಾಗುವುದು ಆ ಲೇಖನದಿಂದ. ಅದೇ ವರ್ಷ ಗ್ಲಾಸ್ಗೋದ ಇಯಾನ್ ಡೊನಾಲ್ಡ್, ಲೋಹದ ಬಿರುಕು ಹುಡುಕುವ ಯಂತ್ರದಿಂದ ಹೊಟ್ಟೆಯ ಗಡ್ಡೆಗಳನ್ನು ನೋಡಿದ ಪ್ರಸಿದ್ಧ ಲೇಖನ ಹೊರಬಂತು; ಜಗತ್ತಿನ ಕಣ್ಣೆಲ್ಲ ಬಸಿರಿನ ಕಡೆ ತಿರುಗಿತು, ಕೀಲು ಹಿಂದೆ ಬಿತ್ತು. 1972ರಲ್ಲಿ ಮಂಡಿಯ ಹಿಂದಿನ ನೀರುಗುಳ್ಳೆಯನ್ನು ರಕ್ತನಾಳದ ಊತದಿಂದ ಬೇರ್ಪಡಿಸಿ ತೋರಿಸಿದ ಮೇಲೆ ಮೂಳೆವೈದ್ಯರು ಸ್ವಲ್ಪ ಕಿವಿಗೊಟ್ಟರು. ಆದರೆ ನಾರಿನ ಪಟ್ಟಿಗಳು ಶಬ್ದಕ್ಕೆ ಸುಲಭವಾಗಿ ಒಲಿಯಲಿಲ್ಲ. ಪ್ರೋಬ್ ನಾರುಗಳಿಗೆ ನೇರವಾಗಿದ್ದರೆ ಪಟ್ಟಿ ಹೊಳೆಯುತ್ತದೆ. ಕೆಲವೇ ಡಿಗ್ರಿ ವಾಲಿದರೆ ಕಪ್ಪಾಗುತ್ತದೆ, ಹರಿದಂತೆಯೇ ಕಾಣುತ್ತದೆ. ಆರೋಗ್ಯವಂತ ರಜ್ಜುವನ್ನು ರೋಗದ್ದೆಂದು ಭ್ರಮಿಸುವ ಈ ಬಲೆಯ ಬಗ್ಗೆ 1987ರಲ್ಲಿ ಫೋರ್ನಾಜ್ ಎಚ್ಚರಿಸಿದ. ನಾರು ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ಮರೆತವರಿಗೆ ಈ ಅಂಗಾಂಶ ಸುಳ್ಳು ಹೇಳುತ್ತದೆ ಎಂಬುದಕ್ಕೆ ಇದು ಮೊದಲ ಪಾಠವಾಗಬೇಕಿತ್ತು.

ಗಡಸುತನವನ್ನು ಶಬ್ದದಿಂದ ಅಳೆಯಬಹುದು ಎಂಬ ಯೋಚನೆ ಮೂಡಿದಾಗ ಯಾರ ಮನಸ್ಸಿನಲ್ಲೂ ಕಣಕಾಲು ಇರಲಿಲ್ಲ. 1987ರಲ್ಲಿ ಕ್ರೌಸ್‌ಕಾಪ್ ಮತ್ತು ಜೊತೆಗಾರರು ಮೆದು ಅಂಗಾಂಶದ ಗುಣಗಳನ್ನು ಶಬ್ದದಿಂದ ಅಳೆಯಲು ಹೊರಟದ್ದು ಕಾಲು ಕಳೆದುಕೊಂಡವರಿಗೆ ಕೃತಕ ಕಾಲಿನ ಬಟ್ಟಲು ಸರಿಯಾಗಿ ಕೂರಲಿ ಎಂದು. ಅದೇ ಕಾಲಕ್ಕೆ ರಾಚೆಸ್ಟರ್‌ನಲ್ಲಿ ಲರ್ನರ್ ಮತ್ತು ಪಾರ್ಕರ್ ಅಂಗಾಂಶವನ್ನು ಹೊರಗಿನಿಂದ ಕಂಪಿಸಿ, ಗಡಸಾದ ಗಂಟು ಕಡಿಮೆ ಅಲುಗುವುದನ್ನು ಚಿತ್ರವಾಗಿಸಿದರು. 1991ರಲ್ಲಿ ಹ್ಯೂಸ್ಟನ್‌ನ ಜೊನಾಥನ್ ಓಫಿರ್ ತಂಡ ಇದಕ್ಕೆ ಎಲಾಸ್ಟೋಗ್ರಫಿ ಎಂಬ ಹೆಸರಿಟ್ಟು ವಿಧಾನವನ್ನು ಗಟ್ಟಿ ಮಾಡಿತು: ಪ್ರೋಬಿನಿಂದ ತುಸು ಒತ್ತು, ಒತ್ತುವ ಮೊದಲಿನ ಪ್ರತಿಧ್ವನಿಯನ್ನೂ ನಂತರದ್ದನ್ನೂ ಹೋಲಿಸು, ಯಾವುದು ಎಷ್ಟು ಕುಗ್ಗಿತು ನೋಡು. ಜಪಾನಿನ ತ್ಸುಕುಬಾದಲ್ಲಿ ಇದನ್ನು ಸ್ತನದ ಗಂಟುಗಳಿಗೆ ಐದು ಅಂಕಗಳ ಪಟ್ಟಿಯಾಗಿ ಪಳಗಿಸಿದರು. ಇಲ್ಲಿನ ತೊಡಕು ಎದ್ದು ಕಾಣುವಂಥದ್ದು. ಕುಗ್ಗಿದ್ದೆಷ್ಟು ಎಂದು ಗೊತ್ತು, ಒತ್ತಿದ್ದೆಷ್ಟು ಎಂದು ಗೊತ್ತಿಲ್ಲ. ಒಂದು ಮತ್ತೊಂದಕ್ಕಿಂತ ಗಡಸು ಎನ್ನಬಹುದೇ ಹೊರತು ಇಷ್ಟು ಗಡಸು ಎನ್ನಲಾಗದು. ಕಣಕಾಲಿನ ಹಿಂದಿನ ದಪ್ಪ ಅಕಿಲಿಸ್ ರಜ್ಜುವಿಗೆ ಈ ವಿಧಾನ ಬಂದಾಗ ಆದದ್ದೂ ಅದೇ. ಇನ್ಸ್‌ಬ್ರುಕ್‌ನ ತಂಡಕ್ಕೆ ನೋಯುವ ರಜ್ಜು ಮೆದುವಾಗಿ ಕಂಡಿತು, ಇಟಲಿಯ ಇನ್ನೊಂದು ತಂಡಕ್ಕೆ ಗಡಸಾಗಿ.

ಈ ಬಿಕ್ಕಟ್ಟಿನಿಂದ ಹೊರತಂದದ್ದು ಅಡ್ಡ ಅಲೆ. ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಅದೇ ಅಂಗಾಂಶವನ್ನು ಮೆಲ್ಲಗೆ ತಟ್ಟಿದರೆ ಪಕ್ಕಕ್ಕೆ ಹರಡುವ ಕಂಪನ ಸೆಕೆಂಡಿಗೆ ಒಂದೆರಡರಿಂದ ಹತ್ತು ಮೀಟರ್ ಮಾತ್ರ. ಅಂಗಾಂಶ ಗಡಸಾದಷ್ಟೂ ಈ ಅಲೆಗೆ ಓಟ ಜಾಸ್ತಿ. ವೇಗ ಅಳೆದರೆ ಸಾಕು, ಒತ್ತಿದ ಬಲ ತಿಳಿಯಬೇಕಿಲ್ಲ. 1998ರಲ್ಲಿ ಅರ್ಮೆನ್ ಸರ್ವಜ್ಯಾನ್ ಮತ್ತು ಸಂಗಡಿಗರು ಶಬ್ದದ ಕಿರಣದಿಂದಲೇ ಒಳಗಡೆ ತಳ್ಳಿ ಈ ಅಲೆಯನ್ನು ಎಬ್ಬಿಸುವ ದಾರಿ ಹೇಳಿದರು. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥರೀನ್ ನೈಟಿಂಗೇಲ್ ಅದನ್ನು ಮನುಷ್ಯರ ಮೇಲೆ ಸಾಧಿಸಿ ತೋರಿಸಿದರು. ಪ್ಯಾರಿಸ್ಸಿನಲ್ಲಿ ಮಥಿಯಾಸ್ ಫಿಂಕ್ ಬಳಗ ಸೆಕೆಂಡಿಗೆ ಸಾವಿರಾರು ಚಿತ್ರ ಹಿಡಿಯುವ ಯಂತ್ರ ಕಟ್ಟಿ ಅಲೆ ಓಡುವುದನ್ನು ಕಣ್ಣಿಗೇ ಕಾಣಿಸಿತು. ಅದೇ ಬಳಗದಿಂದ ಬಂದದ್ದು ಫೈಬ್ರೋಸ್ಕ್ಯಾನ್. ಫ್ಯಾಟಿ ಲಿವರ್ ಎಂದು ಹೇಳಿಸಿಕೊಂಡವರಿಗೆ ಆ ಹೆಸರು ಈಗ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಅಪರಿಚಿತವಲ್ಲ. ಪಕ್ಕೆಲುಬುಗಳ ನಡುವೆ ಒಂದು ತಟ್ಟು, ಒಂದು ಸಂಖ್ಯೆ, ಯಕೃತ್ತಿಗೆ ಸೂಜಿ ಚುಚ್ಚುವ ಕಷ್ಟ ಎಷ್ಟೋ ಜನರಿಗೆ ತಪ್ಪಿತು. ಈ ಗೆಲುವು ನಿಜವಾದದ್ದು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ವೇಗವನ್ನು ಕಿಲೋಪ್ಯಾಸ್ಕಲ್‌ಗೆ ಬದಲಿಸುವ ಸೂತ್ರವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ವೇಗವನ್ನು ವೇಗದಿಂದಲೇ ಗುಣಿಸಿ, ಸಾಂದ್ರತೆಯಿಂದ ಗುಣಿಸಿ, ಮೂರರಿಂದ ಗುಣಿಸಬೇಕು. ಸೆಕೆಂಡಿಗೆ 2 ಮೀಟರ್ ಎಂದರೆ 12 ಕಿಲೋಪ್ಯಾಸ್ಕಲ್, 10 ಮೀಟರ್ ಎಂದರೆ 300. ಈ ಮೂರು ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ಅಂಗಾಂಶ ಎಲ್ಲ ದಿಕ್ಕಿಗೂ ಒಂದೇ ರೀತಿ ಇದೆ, ಅಲೆಗೆ ಹೋಲಿಸಿದರೆ ಎಲ್ಲೆಯಿಲ್ಲದಷ್ಟು ವಿಶಾಲವಾಗಿದೆ, ಯಾವ ಎಳೆತವೂ ಇಲ್ಲದೆ ಆರಾಮವಾಗಿದೆ ಎಂದು ಒಪ್ಪಿಕೊಂಡರೆ ಮಾತ್ರ ಆ ಲೆಕ್ಕ ಸರಿ. ಯಕೃತ್ತು ಹೆಚ್ಚುಕಡಿಮೆ ಹಾಗೆಯೇ ಇದೆ.

ಕಣಕಾಲಿನ ಪಟ್ಟಿ ಹಾಗಿಲ್ಲ. ಪರೀಕ್ಷೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇದು ಅರಿವಾಗುತ್ತದೆ. ಮಂಡಿ ಮಡಿಚಿ, ಅಂಗಾಲು ಮಂಚಕ್ಕೆ ತಾಗಿಸಿ ಕೂರಿಸುತ್ತಾರೆ. ಹೊರಗಂಟಿನ ಮುಂದೆ ಧಾರಾಳವಾಗಿ ಜೆಲ್ ಸುರಿಯುತ್ತಾರೆ, ಯಾಕೆಂದರೆ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಇಲ್ಲ. ಪ್ರೋಬ್ ಊರಿದರೆ ಪಟ್ಟಿಯೇ ಅಮುಕಿಹೋಗುತ್ತದೆ. ಪ್ರೋಬಿನ ಒಂದು ತುದಿ ಗಂಟಿನ ಮೂಳೆಯ ಮೇಲೆ, ಇನ್ನೊಂದು ಪಾದದ ಮೂಳೆಯ ಕಡೆ. ನಡುವೆ ತೆಳು ಗೆರೆಗಳಿರುವ ಬಿಳಿಯ ಪಟ್ಟಿ ಕಂಡ ಮೇಲೆ ಅದರ ಮೇಲೆ ಒಂದೆರಡು ಮಿಲಿಮೀಟರಿನ ವೃತ್ತ ಹಾಕಿ, ಉಸಿರು ಬಿಗಿಹಿಡಿದಂತೆ ಕೈ ನಿಲ್ಲಿಸಿ, ಬಣ್ಣ ಸ್ಥಿರವಾಗುವ ತನಕ ಕಾಯಬೇಕು. ವೃತ್ತ ಕೂದಲೆಳೆಯಷ್ಟು ಜಾರಿದರೆ ಮೂಳೆಯ ಅಂಚು ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಈಗ ಗಾತ್ರದ ಲೆಕ್ಕ ಹಾಕೋಣ. ಸೆಕೆಂಡಿಗೆ 10 ಮೀಟರ್ ಓಡುವ, ಸೆಕೆಂಡಿಗೆ 500 ಬಾರಿ ಕಂಪಿಸುವ ಅಡ್ಡ ಅಲೆಯ ಉದ್ದ 20 ಮಿಲಿಮೀಟರ್. ಪಟ್ಟಿಯ ದಪ್ಪ ಅದರ ಹತ್ತನೇ ಒಂದು ಭಾಗ. ಪಟ್ಟಿಯ ಪೂರ್ತಿ ಉದ್ದಕ್ಕೆ ಒಂದೇ ಒಂದು ಅಲೆ ಹಿಡಿಸುತ್ತದೆ. ಎಲ್ಲೆಯಿಲ್ಲದ ವಿಶಾಲ ಎಂಬ ಊಹೆ ಇಲ್ಲಿಗೆ ಬಿತ್ತು. ತೆಳು ಪಟ್ಟಿಯಲ್ಲಿ ಅಲೆಯ ವೇಗವನ್ನು ದಪ್ಪವೂ ನಿರ್ಧರಿಸುತ್ತದೆ. ಹಾಗಾಗಿ ಉಳುಕಿ ದಪ್ಪಗಾದ ಪಟ್ಟಿಯ ಸಂಖ್ಯೆ ಬದಲಾದರೆ ಅದು ಗಡಸುತನದ್ದೋ ದಪ್ಪದ್ದೋ ಹೇಳಲಾಗದು. ನಾರುಗಳು ಒಂದೇ ದಿಕ್ಕಿಗೆ ಓಡುವುದರಿಂದ ಎಲ್ಲ ದಿಕ್ಕಿಗೂ ಒಂದೇ ಎಂಬುದೂ ಬಿತ್ತು. ಇಷ್ಟು ಸಾಲದಿದ್ದರೆ ಇನ್ನೊಂದು ಸಾಕ್ಷ್ಯ ಇದೆ, ಅದಕ್ಕೆ ವಿವರಣೆಯೇ ಬೇಡ. ಪ್ರಯೋಗಾಲಯದಲ್ಲಿ ಎಳೆದು ಅಳೆದಾಗ, ಮಡಿಕೆ ಬಿಚ್ಚಿಕೊಂಡ ಮೇಲೆ ಲಿಗಮೆಂಟುಗಳಿಗೆ ಸಿಗುವ ಯಂಗ್ ಗುಣಾಂಕ ನೂರಾರು ಮೆಗಾಪ್ಯಾಸ್ಕಲ್. ಅಲ್ಟ್ರಾಸೌಂಡ್ ಪರದೆ ಅದೇ ಹೆಸರಿನಲ್ಲಿ ತೋರಿಸುವುದು ನೂರಾರು ಕಿಲೋಪ್ಯಾಸ್ಕಲ್. ಸಾವಿರ ಪಟ್ಟು ಅಂತರ. ಫ್ರಾನ್ಸಿನ ಒಂದು ಹೆಸರಾಂತ ಯಂತ್ರ 800 ಕಿಲೋಪ್ಯಾಸ್ಕಲ್‌ಗಿಂತ ಮೇಲಿನದನ್ನು ತೋರಿಸುತ್ತಲೇ ಇರಲಿಲ್ಲ. ಅಕಿಲಿಸ್ ರಜ್ಜು ಬಿಗಿಯಾದೊಡನೆ ಮುಳ್ಳು ಮೇಲ್ತುದಿಗೆ ಬಡಿದು ನಿಲ್ಲುತ್ತಿತ್ತು.

ಹಾಗಾದರೆ ಯಂತ್ರ ಅಳೆಯುತ್ತಿರುವುದೇನು? ಇದಕ್ಕೆ ಸ್ಪಷ್ಟ ಉತ್ತರ ಬಂದದ್ದು 2018ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾಕ್ ಮಾರ್ಟಿನ್ ಮತ್ತು ಡ್ಯಾರಿಲ್ ಥೇಲೆನ್ ಬಳಗದಿಂದ. ಚರ್ಮದ ಮೇಲಿನಿಂದ ಅಕಿಲಿಸ್ ರಜ್ಜುವನ್ನು ತಟ್ಟಿ, ಅಲೆಯ ವೇಗ ಹಿಡಿದು, ಜನ ನಡೆಯುವಾಗಲೇ ರಜ್ಜುವಿನ ಮೇಲೆ ಬೀಳುವ ಎಳೆತವನ್ನು ಅವರು ಅಂದಾಜು ಮಾಡಿದರು. ಹೊರೆ ಹೊತ್ತ ರಜ್ಜುವಿನಲ್ಲಿ ವೇಗದ ವರ್ಗ ಎಳೆತಕ್ಕೆ ಅನುಪಾತದಲ್ಲಿ ಏರುತ್ತದೆ. ರಜ್ಜು ಯಾವ ವಸ್ತುವಿನದು ಎಂಬುದರ ಪಾಲು ಸಣ್ಣದು. ತಂಬೂರಿಯ ತಂತಿಯ ಶ್ರುತಿ ಕಿವಿ ತಿರುಪಿದಂತೆ ಏರುತ್ತದೆ, ಅದರ ಉಕ್ಕೇನೂ ಬದಲಾಗಿರುವುದಿಲ್ಲ. ಲಿಗಮೆಂಟಿಗೂ ಇದೇ ನಿಯಮ. ಪಾದವನ್ನು ಕೆಳಮುಖವಾಗಿ ಚಾಚಿ ಒಳಕ್ಕೆ ತಿರುಗಿಸಿದರೆ ಎಟಿಎಫ್‌ಎಲ್‌ನ ಸಂಖ್ಯೆ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಅದೇ ವ್ಯಕ್ತಿ, ಅದೇ ಪಟ್ಟಿ, ಅದೇ ನಿಮಿಷ. ವೆರ್ಟೈಮ್ 1847ರಲ್ಲಿ ಹೇಳಿದ್ದು ಇದನ್ನೇ ಅಲ್ಲವೆ?

ಇದಕ್ಕೆ ಮೊದಲ ಆಕ್ಷೇಪ ಅಳತೆ ಮಾಡುವವರಿಂದಲೇ ಬರುತ್ತದೆ. ಎಲ್ಲರ ಪಾದವನ್ನೂ ಒಂದೇ ಕೋನದಲ್ಲಿ ಇಟ್ಟು, ಒಂದೇ ಯಂತ್ರದಲ್ಲಿ, ಒಬ್ಬರೇ ಅಳೆದರೆ ಈ ಗೊಂದಲವೆಲ್ಲ ರದ್ದಾಗುವುದಿಲ್ಲವೆ? ಸ್ವಲ್ಪ ಮಟ್ಟಿಗೆ ಹೌದು, ಮತ್ತು ಒಳ್ಳೆಯ ಅಧ್ಯಯನಗಳು ಹಾಗೆಯೇ ಮಾಡುತ್ತವೆ. ಆದರೆ ಒಂದೇ ಕೋನ ಎಂದರೆ ಒಂದೇ ಬಿಗಿ ಎಂದಲ್ಲ. ಹಿಂದೆ ಉಳುಕಿ ಉದ್ದವಾಗಿ ಕೂಡಿಕೊಂಡ ಪಟ್ಟಿ 20 ಡಿಗ್ರಿಯಲ್ಲಿ ಇನ್ನೂ ಜೋತಾಡುತ್ತಿರಬಹುದು, ಪಕ್ಕದವನ ಸರಿಯಾದ ಪಟ್ಟಿ ಅದೇ 20 ಡಿಗ್ರಿಯಲ್ಲಿ ಬಿಗಿದಿರಬಹುದು. ಆಗ ಕಡಿಮೆ ಬಂದ ಸಂಖ್ಯೆಯನ್ನು ಮೆದು ಅಂಗಾಂಶ ಎಂದು ಓದಿದರೆ ತಪ್ಪು. ಸಡಿಲ ಕಟ್ಟು ಎಂದು ಓದಿದರೆ ಸರಿ. ಮತ್ತು ಕಾಲು ಮರಳಿ ಉಳುಕುವ ಭಯ ಇರುವವನಿಗೆ ಬೇಕಾದದ್ದು ಎರಡನೆಯ ಸುದ್ದಿಯೇ. ಪಟ್ಟಿ ಯಾವ ಕೋನದಲ್ಲಿ ಬಿಗಿಯಲು ತೊಡಗುತ್ತದೆ ಎಂಬುದನ್ನು ಶವದಿಂದ ಕತ್ತರಿಸಿ ತೆಗೆದ ಪಟ್ಟಿ ಹೇಳಲಾರದು, ಎಕ್ಸ್‌ರೇ ಹೇಳಲಾರದು. ಅಡ್ಡ ಅಲೆ ಹೇಳಬಲ್ಲದು. ಹಾಗಾಗಿ ಒಂದು ಕೋನದಲ್ಲಿ ಒಂದು ಸಂಖ್ಯೆ ತೆಗೆಯುವ ಬದಲು, ಪಾದವನ್ನು ಹಂತಹಂತವಾಗಿ ಚಾಚುತ್ತಾ ವೇಗ ಎಲ್ಲಿ ಏರತೊಡಗುತ್ತದೆ ಎಂದು ನೋಡುವುದು ಹೆಚ್ಚು ಅರ್ಥಪೂರ್ಣ.

ಎರಡನೆಯ ಆಕ್ಷೇಪ ಹಳೆಯ ಕೈಯದು. ನೆದರ್‌ಲ್ಯಾಂಡ್ಸ್‌ನ ವಾನ್ ಡೈಕ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ ಹಾಗೆ, ಉಳುಕಿದ ಐದು ದಿನಕ್ಕೆ, ಊತ ಇಳಿದ ಮೇಲೆ, ವೈದ್ಯ ಕೈಯಿಂದಲೇ ಪರೀಕ್ಷಿಸಿದರೆ ಹರಿದ ಲಿಗಮೆಂಟನ್ನು ಗುರುತಿಸುವುದರಲ್ಲಿ ಸಂವೇದಿತೆ ಶೇಕಡಾ 96, ನಿರ್ದಿಷ್ಟತೆ ಶೇಕಡಾ 84. ಇಷ್ಟು ಅಗ್ಗವಾಗಿ ಇಷ್ಟು ಸಿಗುವಾಗ ಲಕ್ಷಾಂತರ ರೂಪಾಯಿಯ ಯಂತ್ರ ಯಾಕೆ? ಹರಿದಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಖಂಡಿತ ಬೇಡ. ಆ ಕೆಲಸಕ್ಕೆ ಎಲಾಸ್ಟೋಗ್ರಫಿ ಮಾರುವವರನ್ನು ನಾನು ನಂಬುವುದಿಲ್ಲ. ಆದರೆ ಮೂರು ತಿಂಗಳ ಮೇಲೆ, ನೋವು ಹೋಗಿ ಆಟಕ್ಕೆ ಮರಳುವ ಹೊತ್ತಿಗೆ, ಕೂಡಿಕೊಂಡ ಪಟ್ಟಿ ಹೊರೆ ಹೊರುತ್ತಿದೆಯೇ ಎಂಬ ಪ್ರಶ್ನೆಗೆ ಕೈ ಒರಟು. ಮೂರನೆಯದು ಫ್ರೀಮನ್‌ನ ಆಕ್ಷೇಪ, ಮತ್ತು ಅದು ಎಲ್ಲಕ್ಕಿಂತ ಗಟ್ಟಿ. ತೊಂದರೆ ಪಟ್ಟಿಯಲ್ಲಿ ಇಲ್ಲದೆ ನರದಲ್ಲಿದ್ದರೆ ಯಾವ ಅಲೆಯೂ ಅದನ್ನು ಕಾಣಿಸದು. ಇದನ್ನು ಒಪ್ಪಲೇಬೇಕು. ಹಾಗಿದ್ದೂ ಅಳತೆಗೆ ಒಂದು ಉಪಯೋಗ ಉಳಿಯುತ್ತದೆ: ಎರಡೂ ಕಾಲುಗಳ ಪಟ್ಟಿ ಒಂದೇ ಕೋನದಲ್ಲಿ ಒಂದೇ ಸಮ ಬಿಗಿಯುತ್ತಿದ್ದು ಒಂದು ಕಾಲು ಮಾತ್ರ ತಪ್ಪುತ್ತಿದ್ದರೆ, ಹೊಲಿಗೆ ಹಾಕಲು ಧಾವಿಸದೆ ಹಲಗೆಯ ಮೇಲೆ ನಿಲ್ಲಿಸುವ ಅಭ್ಯಾಸದ ಕಡೆ ಹೋಗಲು ಅದೊಂದು ಕಾರಣವಾಗುತ್ತದೆ.

ನಮ್ಮ ನೆಲದಲ್ಲಿ ಈ ಅಳತೆ ಹರಡದಿರುವುದಕ್ಕೆ ಹಣ ಒಂದೇ ಕಾರಣವಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದು 2003ರಲ್ಲಿ ಬಿಗಿಯಾದ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ, ಭ್ರೂಣದ ಲಿಂಗ ಪತ್ತೆ ಮಾಡಬಲ್ಲ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಾಯಿತ ಕೇಂದ್ರದಲ್ಲೇ ಇರಬೇಕು, ನಿಗದಿತ ಅರ್ಹತೆಯ ವೈದ್ಯರೇ ಬಳಸಬೇಕು. ಹೊತ್ತೊಯ್ಯುವ ಯಂತ್ರಗಳ ಮೇಲೆ ಇನ್ನೂ ಕಟ್ಟುಪಾಡು. ಯುರೋಪಿನಲ್ಲಿ ಫಿಸಿಯೋಥೆರಪಿಸ್ಟ್ ಮೈದಾನದ ಅಂಚಿನಲ್ಲೇ ಪ್ರೋಬ್ ಹಿಡಿಯಬಹುದು, ಇಲ್ಲಿ ಆಗದು. ಕಣಕಾಲು ನೋಡುವ ಪ್ರೋಬಿನ ಅಲೆ ಕೆಲವೇ ಸೆಂಟಿಮೀಟರ್ ಒಳಹೋಗುವಂಥದ್ದು, ಅದರಿಂದ ಗರ್ಭ ನೋಡಲಾಗದು ಎಂದು ವಾದಿಸುವವರಿದ್ದಾರೆ. ಅದೇ ಯಂತ್ರಕ್ಕೆ ಬೇರೆ ಪ್ರೋಬ್ ಸಿಕ್ಕಿಸುವುದು ಕ್ಷಣದ ಕೆಲಸ ಎಂಬುದನ್ನು ಅವರು ಹೇಳುವುದಿಲ್ಲ. ಕಾಯ್ದೆಗೆ ತಕ್ಕ ಕಾರಣವಿದೆ, ಅದು ಇರಲಿ. ಕಣಕಾಲಿನ ಅಳತೆ ಸದ್ಯಕ್ಕೆ ಸ್ಕ್ಯಾನಿಂಗ್ ಕೋಣೆಯಲ್ಲೇ ನಡೆಯಬೇಕು. ಆದ್ದರಿಂದ ಅಲ್ಲಿ ಕೂತು ವರದಿ ಬರೆಯುವವರಲ್ಲಿ ಕೇಳುವುದು ಇಷ್ಟೇ: ಕಿಲೋಪ್ಯಾಸ್ಕಲ್ ಬದಲು ಅಲೆಯ ವೇಗ ಬರೆಯಿರಿ, ಪಾದ ಎಷ್ಟು ಡಿಗ್ರಿಯಲ್ಲಿತ್ತು ಬರೆಯಿರಿ, ಇನ್ನೊಂದು ಕಾಲನ್ನೂ ಅಳೆದು ಪಕ್ಕದಲ್ಲಿಡಿ. ಈ ಮೂರೂ ಇಲ್ಲದ ವರದಿ ನಿಮ್ಮ ಕೈಗೆ ಬಂದರೆ, ಆ ಸಂಖ್ಯೆಯನ್ನು ನೆಚ್ಚಿ ಆಟಕ್ಕೂ ಇಳಿಯಬೇಡಿ, ಶಸ್ತ್ರಕ್ರಿಯೆಗೂ ಒಪ್ಪಬೇಡಿ.